ಜೇಬಿನಲ್ಲೇ ಉಳಿದ ಬೀಗದ ಕೈ

ಅಧ್ಯಕ್ಷರೇ, ತಂದೆಯವರ ನೆನಪಿಗೆ ಈ ದತ್ತಿ ಇಟ್ಟಿರುವ ಕುಟುಂಬದವರೇ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಿಂದ ಬಸ್ಸು ಹಿಡಿದು ಪಾಂಡವಪುರಕ್ಕೆ ಬಂದಿರುವ ಮೇಷ್ಟರುಗಳೇ, ವಿದ್ಯಾರ್ಥಿಗಳೇ, ಕುರ್ಚಿ ಕೊಟ್ಟರೂ ಬಾಗಿಲ ಬಳಿ ನಿಂತೇ ಕೇಳುತ್ತೇವೆ ಎಂದು ಹಟ ಹಿಡಿದಿರುವ ಡ್ರೈವರ್ ಮಿತ್ರರೇ,

ಕಾರಿನ ಬೀಗದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ದತ್ತಿ ಉಪನ್ಯಾಸ ಎಂದರೆ ವಚನ, ದಾಸ ಸಾಹಿತ್ಯ, ಹೊಯ್ಸಳ ಶಿಲ್ಪ ಇವೇ ರೂಢಿ. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಈ ಸಭೆಯಲ್ಲೇ ನಾಲ್ಕು ಜನ ಇದ್ದಾರೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಬೀಗದ ವಿಷಯ ಹಿಡಿದದ್ದಕ್ಕೆ ಒಂದು ಕಾರಣವಿದೆ. ಅದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ನಡೆದದ್ದು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿದ್ದಾನೆ. ಎರಡು ವರ್ಷದ ಕೆಳಗೆ ಒಂದು ಹೈಬ್ರಿಡ್ ಕಾರು ಕೊಂಡ. ಕಚೇರಿಯವರು ಹೊರದೇಶಕ್ಕೆ ಕಳಿಸಿದಾಗ ಕಾರನ್ನು ಕಿಕ್ಕೇರಿಯ ಮನೆಯ ಜಗಲಿಗೆ ಒತ್ತಿಕೊಂಡಂತೆ ನಿಲ್ಲಿಸಿ, ಎರಡನೇ ಕೀಲಿಯನ್ನು ಜಗಲಿಯ ಗೂಟಕ್ಕೆ ನೇತುಹಾಕಿ ಹೋದ. ತಿಂಗಳು ಕಳೆದು ಬಂದ. ಕೀಲಿ ಜೇಬಿನಲ್ಲಿತ್ತು. ಎಂದಿನಂತೆ ಬಾಗಿಲ ಹಿಡಿಕೆ ಮುಟ್ಟಿದ, ಸದ್ದಿಲ್ಲ. ಗುಂಡಿ ಒತ್ತಿದ, ಅದೂ ಇಲ್ಲ. ಗೂಟದ ಮೇಲಿದ್ದ ಕೀಲಿ ತಂದು ಒತ್ತಿದ; ಅದಂತೂ ಪೂರ್ತಿ ಸತ್ತಿತ್ತು. "ಮಾವ, ಇಷ್ಟು ದುಡ್ ಕೊಟ್ಟ ಕಾರು, ಬಾಗ್ಲೇ ತೆಗೀತಿಲ್ವಲ್ಲ" ಎಂದು ನನಗೆ ಫೋನು ಮಾಡಿದ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದು "ಬೀಗದ ಕೈ ಎಲ್ಲಪ್ಪಾ?" ಎಂದರಂತೆ. ಇವನು ಜೇಬಿನಿಂದ ಕರೀ ಡಬ್ಬಿ ತೆಗೆದು ತೋರಿಸಿದ. "ಇದಲ್ಲ ಕಣಪ್ಪ, ಬೀಗದ ಕೈ" ಎಂದರಂತೆ ಅಜ್ಜಿ.

ಅಜ್ಜಿ ಕೇಳಿದ್ದು ಸರಿಯಾಗಿತ್ತು. ಆ ಕರೀ ಡಬ್ಬಿಯ ಹೊಟ್ಟೆಯೊಳಗೇ ಲೋಹದ ಬೀಗದ ಕೈ ಇತ್ತು. ಎರಡು ವರ್ಷ ಕಾರು ಓಡಿಸಿದವನಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಆ ಕಾರು ಯಾಕೆ ಹಾಗೆ ಮುನಿಸಿಕೊಂಡಿತು ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಹೈಬ್ರಿಡ್ ಎಂಬ ಮಾತು. ಇದು ಮಂಡ್ಯ ಸೀಮೆಗೆ ಕಾರಿನಿಂದ ಬಂದ ಮಾತಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರಲ್ಲ, ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಆ ಕಾಲದಿಂದಲೇ ಈ ನಾಲ್ಕು ತಾಲ್ಲೂಕಿನ ರೈತರ ಬಾಯಲ್ಲಿ ಹೈಬ್ರಿಡ್ ಇದೆ. ಕಾರಿನಲ್ಲಿ ಸಂಕರವಾಗಿರುವುದು ಪೆಟ್ರೋಲ್ ಎಂಜಿನ್ನು ಮತ್ತು ವಿದ್ಯುತ್ ಮೋಟಾರು. ಇದೇನು ದೂರದ ದೇಶದ ಸುದ್ದಿಯೂ ಅಲ್ಲ. ಶ್ರೀರಂಗಪಟ್ಟಣದಿಂದ ಬೆಂಗಳೂರು ದಾರಿ ಹಿಡಿದರೆ ನೂರು ಕಿಲೋಮೀಟರಿನೊಳಗೆ ಬಿಡದಿ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲೇ ಹೈಬ್ರಿಡ್ ಕ್ಯಾಮ್ರಿ ಜೋಡಿಸತೊಡಗಿದರು. 2022ರಲ್ಲಿ ಹೈರೈಡರ್ ಬಂತು, ಅದೇ ವರ್ಷದ ಕೊನೆಗೆ ಇನೋವಾ ಹೈಕ್ರಾಸ್. ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಅಲ್ಲೇ ತಯಾರಾಯಿತು. ಈಗ ಮದುವೆ ಛತ್ರದ ಮುಂದೆ ಎಣಿಸಿದರೆ ಒಂದೆರಡು ಸಿಕ್ಕೇ ಸಿಗುತ್ತವೆ.

ಹೈಬ್ರಿಡ್ ಕಾರಿನ ಬೀಗ ಅರ್ಥವಾಗಬೇಕಾದರೆ ಒಂದು ಸಂಗತಿ ಮನಸ್ಸಿನಲ್ಲಿರಲಿ. ಇದರಲ್ಲಿ ಬ್ಯಾಟರಿ ಎರಡು. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿ ಒಂದು. ಹೈಕ್ರಾಸ್‌ನಲ್ಲಿ ಅದು 168 ಕೋಶಗಳದ್ದು, ಸುಮಾರು 200 ವೋಲ್ಟ್. ಇನ್ನೊಂದು ಎಲ್ಲ ಕಾರಿನಲ್ಲೂ ಇರುವಂಥ 12 ವೋಲ್ಟಿನದು. ಬಾಗಿಲಿನ ಬೀಗ, ಆಂಟೆನಾ, ಕಂಪ್ಯೂಟರುಗಳು ಎಲ್ಲವೂ ಉಣ್ಣುವುದು ಈ ಚಿಕ್ಕದರ ಮನೆಯಲ್ಲಿ.

ಇನ್ನು ಬೀಗ. ಹಳೆಯ ಬೀಗದಲ್ಲಿ ಕೀಲಿಯ ಹಲ್ಲು, ಒಳಗಿನ ಸಣ್ಣ ಕಡ್ಡಿಗಳನ್ನು ಸರಿಯಾದ ಎತ್ತರಕ್ಕೆ ಎತ್ತಿದರೆ ತಿರುಗುತ್ತಿತ್ತು. ಆಕಾರಕ್ಕೆ ಆಕಾರ ಸಾಕ್ಷಿ. ಹೊಸದರಲ್ಲಿ ಮಾತಿಗೆ ಮಾತು ಸಾಕ್ಷಿ. ನೀವು ಹಿಡಿಕೆಯ ಒಳಬದಿ ಮುಟ್ಟಿದ ಕೂಡಲೇ ಕಾರು ಎದ್ದು "ಯಾರು?" ಎನ್ನುತ್ತದೆ. ಜೇಬಿನ ಕೀಲಿ "ನಾನು" ಎನ್ನುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮಾತುಕತೆ ಮುಗಿದು ಬೀಗ 'ಟಕ್' ಎನ್ನುತ್ತದೆ.

ಈ ಪ್ರಶ್ನೆ ಮತ್ತು ಉತ್ತರ ಎರಡು ಬೇರೆ ದಾರಿಯಲ್ಲಿ ಹೋಗುತ್ತವೆ ಎಂಬುದೇ ಇದರ ಸೊಗಸು. ಇಲ್ಲಿರುವ ಹಿರಿಯರಿಗೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ನೆನಪಿರಬೇಕು. ಗದ್ದೆಯ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟು ಪ್ರದೇಶ ಸಮಾಚಾರ ಕೇಳಿದವರು ಬಹಳ ಮಂದಿ. ಕಾರು ಪ್ರಶ್ನೆ ಕೇಳುವುದು ಅದಕ್ಕಿಂತ ಐದು ಪಟ್ಟು ಕೆಳಗಿನ ಕಂಪನಾಂಕದಲ್ಲಿ, ಸುಮಾರು 125 ಕಿಲೋಹರ್ಟ್ಸ್‌ನಲ್ಲಿ. ಅದರ ತರಂಗದ ಉದ್ದ ಲೆಕ್ಕ ಹಾಕಿದರೆ 2,400 ಮೀಟರ್. ಹಿಡಿಕೆಯಿಂದ ಜೇಬಿಗೆ ಇರುವುದು ಒಂದು ಮೊಳ. ಅಷ್ಟು ಹತ್ತಿರದಲ್ಲಿ ಅದು ಅಲೆಯಾಗಿ ಹರಡುವುದೇ ಇಲ್ಲ. ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯಿಂದ ಇನ್ನೊಂದಕ್ಕೆ ದಾಟುವ ಅಯಸ್ಕಾಂತ ಬಲದಂತೆ ದಾಟುತ್ತದೆ. ಈ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಬಲ ಎಂಟರಲ್ಲಿ ಒಂದು, ಮೂರರಷ್ಟಾದರೆ ಇಪ್ಪತ್ತೇಳರಲ್ಲಿ ಒಂದು. ಹಾಗಾಗಿ ಬಾಗಿಲಿನಿಂದ ಒಂದು ಮೀಟರು ಆಚೆ ಹೋದರೆ ಕೀಲಿಗೆ ಆ ಪ್ರಶ್ನೆ ಕೇಳಿಸುವುದೇ ಇಲ್ಲ. ಕಾರು ಬೇಕೆಂದೇ ಪಿಸುಗುಟ್ಟುತ್ತದೆ.

ಕೀಲಿ ಮಾತ್ರ ಗಟ್ಟಿಯಾಗಿ ಉತ್ತರ ಕೊಡುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ 433 ಮೆಗಾಹರ್ಟ್ಸ್ ಆಸುಪಾಸಿನ, ಲೈಸೆನ್ಸು ಬೇಡದ ಪಟ್ಟಿ ಇದೆ. ಅಲ್ಲಿ ತರಂಗದ ಉದ್ದ ಮುಕ್ಕಾಲು ಮೀಟರಿಗೂ ಕಡಿಮೆ; ಚಿಕ್ಕ ಆಂಟೆನಾ ಸಾಕು, ಹತ್ತಾರು ಮೀಟರ್ ಹೋಗುತ್ತದೆ. ಪಿಸುಮಾತಿನ ಪ್ರಶ್ನೆ, ಕೂಗಿನ ಉತ್ತರ. ಈ ಅಸಮ ಜೋಡಿಯನ್ನು ನೆನಪಿಡಿ. ಕಳ್ಳನ ಕಥೆ ಶುರುವಾಗುವುದು ಇಲ್ಲಿಂದಲೇ.

"ನಾನು" ಎಂದರೆ ಯಾರು ಬೇಕಾದರೂ ಅನ್ನಬಹುದಲ್ಲ? 1990ರ ದಶಕದಲ್ಲಿ ನಮ್ಮೂರುಗಳ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ 'ನಾಳೆ ಬಾ' ಎಂದು ಬರೆದದ್ದನ್ನು ಕಂಡವರು ಕೈ ಎತ್ತಿ. ನೋಡಿ, ಅರ್ಧ ಸಭೆ! ರಾತ್ರಿ ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಎಂಬುದು ಆಗಿನ ಭಯ. ಬರೆದದ್ದನ್ನು ಓದಿ ದೆವ್ವ ವಾಪಸು ಹೋಗಿ ಮರುದಿನ ಬರುತ್ತದೆ, ಮತ್ತೆ ಅದೇ 'ನಾಳೆ ಬಾ' ಓದುತ್ತದೆ, ಮತ್ತೆ ಹೋಗುತ್ತದೆ. ನಗುತ್ತೀರಿ, ಆದರೆ ಬೀಗದ ವಿಜ್ಞಾನದ ಎರಡು ದೊಡ್ಡ ಸಮಸ್ಯೆಗಳು ಇದರಲ್ಲೇ ಇವೆ. ಮನೆಯವರ ದನಿಯನ್ನು ದೆವ್ವ ಅನುಕರಿಸುವುದು ಒಂದು. ನಿನ್ನೆ ನಡೆದ ಉತ್ತರ ಇವತ್ತೂ ನಡೆಯುವುದು ಇನ್ನೊಂದು. ಕಾರಿನಲ್ಲಿ ಎರಡನೆಯದಕ್ಕೆ ಆಸ್ಪದ ಕೊಡಬಾರದು. ನಿನ್ನೆಯ ಉತ್ತರವನ್ನು ಯಾರೋ ಮರೆಯಲ್ಲಿ ನಿಂತು ಧ್ವನಿಮುದ್ರಿಸಿಕೊಂಡು ಇವತ್ತು ಕೇಳಿಸಿದರೆ ಬಾಗಿಲು ತೆರೆಯಕೂಡದು.

ಅದಕ್ಕೇ ಕಾರು ಪ್ರತಿ ಸಲ ಹೊಸ ಪ್ರಶ್ನೆ ಕೇಳುತ್ತದೆ. ಆ ಕ್ಷಣಕ್ಕೆ ಹುಟ್ಟಿಸಿದ ಒಂದು ದೊಡ್ಡ ಸಂಖ್ಯೆಯನ್ನು ಕಳಿಸುತ್ತದೆ. ಕೀಲಿಯ ಚಿಪ್ಪಿನಲ್ಲೂ ಕಾರಿನಲ್ಲೂ ಒಂದೇ ಗುಟ್ಟಿನ ಸಂಖ್ಯೆ ಇರುತ್ತದೆ. ಅದು ಗಾಳಿಯಲ್ಲಿ ಎಂದೂ ಹೋಗುವುದಿಲ್ಲ. ಕೀಲಿ ಆ ಗುಟ್ಟನ್ನೂ ಬಂದ ಪ್ರಶ್ನೆಯನ್ನೂ ಸೇರಿಸಿ ಅರೆದು, ಬಂದ ಉತ್ತರವನ್ನು ಮಾತ್ರ ಕಳಿಸುತ್ತದೆ. ಕಾರು ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ರುಬ್ಬಿದ ಚಟ್ನಿಯಿಂದ ಮೆಣಸಿನಕಾಯಿಯನ್ನು ಮತ್ತೆ ಇಡಿಯಾಗಿ ತೆಗೆಯಲು ಆಗದ ಹಾಗೆ ಉತ್ತರದಿಂದ ಗುಟ್ಟನ್ನು ಹಿಂದೆ ತೆಗೆಯಲಾಗದು, ರುಬ್ಬುವ ಕ್ರಮ ಗಟ್ಟಿಯಾಗಿದ್ದರೆ. ಗುಂಡಿ ಒತ್ತುವ ಸಾದಾ ರಿಮೋಟಿನಲ್ಲಿ ಕಾರು ಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಕೀಲಿ ಪ್ರತಿ ಒತ್ತಿಗೂ ಎಣಿಕೆ ಒಂದು ಮುಂದಕ್ಕೆ ಹಾಕಿ ಸಂಕೇತ ಬದಲಿಸುತ್ತದೆ, ಹಿಂದಿನ ಎಣಿಕೆ ಕಾರಿಗೆ ಸಲ್ಲುವುದಿಲ್ಲ.

ರುಬ್ಬುವ ಕ್ರಮ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಕೀಲಾಕ್ ಎಂಬ ಸಂಕೇತ ಕ್ರಮ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಲೋಕದ ಎಷ್ಟೋ ಕಾರು, ಗ್ಯಾರೇಜು ಬಾಗಿಲುಗಳಿಗೆ ಹೋಯಿತು. 2008ರ ಹೊತ್ತಿಗೆ ಸಂಶೋಧಕರು ಅದರ ಗುಟ್ಟನ್ನು ಹೊರಗೆಳೆದಿದ್ದರು. 2020ರಲ್ಲಿ ಬೆಲ್ಜಿಯಂ ಮತ್ತು ಇಂಗ್ಲೆಂಡಿನ ಸಂಶೋಧಕರು ಇನ್ನೊಂದನ್ನು ತೋರಿಸಿದರು: ಟೊಯೋಟಾದ ಕೆಲವು ಹಳೆಯ ಮಾದರಿಗಳ ಕೀಲಿಯಲ್ಲಿ ಗುಟ್ಟಿನ ಸಂಖ್ಯೆಯನ್ನು ಅದೇ ಚಿಪ್ಪಿನ ಕ್ರಮಸಂಖ್ಯೆಯಿಂದ ಕಟ್ಟಿದ್ದರು, ಆ ಕ್ರಮಸಂಖ್ಯೆಯನ್ನು ಚಿಪ್ಪು ಕೇಳಿದವರಿಗೆಲ್ಲ ಹೇಳುತ್ತಿತ್ತು! ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಬಾಗಿಲ ಚೌಕಟ್ಟಿನ ಮೇಲಿಡುವ ನಮ್ಮ ಪದ್ಧತಿ ಜಪಾನಿನಲ್ಲೂ ಇದೆ ಎಂದು ನನಗೆ ಸಮಾಧಾನವಾಯಿತು.

ಬಾಗಿಲು ತೆರೆದ ಮಾತ್ರಕ್ಕೆ ಕಾರು ನಿಮ್ಮದಾಗುವುದಿಲ್ಲ. ಇದನ್ನು ವಿವರಿಸಲು ಪಾಂಡವಪುರ ತಾಲ್ಲೂಕಿಗಿಂತ ಒಳ್ಳೆಯ ಜಾಗ ಇಲ್ಲ. ಮೇಲುಕೋಟೆಯ ವೈರಮುಡಿ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಸಮಕ್ಷಮ ಖಜಾನೆಯಿಂದ ತೆಗೆದು, ಪೊಲೀಸ್ ಕಾವಲಿನಲ್ಲಿ ಶ್ರೀರಂಗಪಟ್ಟಣ, ಕಿರಂಗೂರು, ಪಾಂಡವಪುರಗಳಲ್ಲಿ ಪೂಜೆ ಪಡೆಯುತ್ತ ಬೆಟ್ಟಕ್ಕೆ ತರುತ್ತಾರೆ. ಖಜಾನೆ ಬಾಗಿಲು ತೆರೆಯಿತೆಂದು ಯಾರೂ ಕಿರೀಟವನ್ನು ಎತ್ತಿಕೊಂಡು ಹೋಗುವ ಹಾಗಿಲ್ಲ. ಮೇಲುಕೋಟೆಯಲ್ಲಿ ಒಪ್ಪಿಸುವಾಗ ಮತ್ತೊಮ್ಮೆ ನೋಡಿ, ಲೆಕ್ಕ ಸರಿ ಎಂದಾದ ಮೇಲೆಯೇ ಚೆಲುವನಾರಾಯಣನ ಮುಡಿಗೆ. ಹೈಬ್ರಿಡ್ ಕಾರಿನಲ್ಲೂ ಹೀಗೆ ಮತ್ತೆ ಮತ್ತೆ ವಿಚಾರಣೆ. ಬಾಗಿಲ ಬಳಿ ಒಮ್ಮೆ ಕೇಳುತ್ತದೆ. ಬ್ರೇಕು ತುಳಿದು ಗುಂಡಿ ಒತ್ತಿದಾಗ ಕಾರಿನ ಒಳಗಿನ ಆಂಟೆನಾಗಳು ಹೊಸದಾಗಿ ಕೇಳುತ್ತವೆ: ಕೀಲಿ ಒಳಗೇ ಇದೆಯೇ, ಹೊರಗೆ ನಿಂತವನ ಜೇಬಿನಲ್ಲಿದೆಯೇ? ಉತ್ತರ ಸರಿಯಾದರೆ ಸ್ಟೇರಿಂಗ್ ಬೀಗ ಬಿಡುತ್ತದೆ, ಕಂಪ್ಯೂಟರು ಅಪ್ಪಣೆ ಕೊಡುತ್ತದೆ, ಆಮೇಲೆ ದೊಡ್ಡ ಬ್ಯಾಟರಿಯ ರಿಲೇಗಳು ಕೂಡಿಕೊಳ್ಳುತ್ತವೆ. ಸಾದಾ ಕಾರಿನಲ್ಲಿ ಕೊನೆಯ ಅಪ್ಪಣೆ ಎಂಜಿನ್ನಿಗೆ. ಇಲ್ಲಿ 200 ವೋಲ್ಟಿಗೆ. ಮುಂದೆ ಫಲಕದಲ್ಲಿ 'ರೆಡಿ' ಎಂಬ ಹಸಿರು ದೀಪ ಹತ್ತುತ್ತದೆ. ಎಂಜಿನ್ ಸದ್ದಿಲ್ಲ, ನಡುಕವಿಲ್ಲ.

ಕಳ್ಳನಿಗೆ ಬರೋಣ. ಕಳ್ಳ ಲೆಕ್ಕ ಒಡೆಯುವುದಕ್ಕೆ ಹೋಗುವುದಿಲ್ಲ, ಅದು ಕಷ್ಟ. ಅವನು ದೂರವನ್ನು ಒಡೆಯುತ್ತಾನೆ. ಒಬ್ಬ ನಿಮ್ಮ ಕಾರಿನ ಬಳಿ, ಇನ್ನೊಬ್ಬ ನಿಮ್ಮ ಮನೆಯ ಗೋಡೆಗೆ ಒರಗಿ ಕೀಲಿಯ ಬಳಿ. ಕಾರಿನ ಪಿಸುಮಾತನ್ನು ಮೊದಲನೆಯವನ ಯಂತ್ರ ಕೇಳಿಸಿಕೊಂಡು ಎರಡನೆಯವನಿಗೆ ದಾಟಿಸುತ್ತದೆ. ಅವನ ಯಂತ್ರ ಅದನ್ನೇ ಕೀಲಿಯ ಕಿವಿಯಲ್ಲಿ ಊದುತ್ತದೆ. ಕೀಲಿ, ಪಾಪ, ಯಜಮಾನನೇ ಕಾರಿನ ಬಳಿ ಹೋದ ಎಂದುಕೊಂಡು ಸರಿಯಾದ ಉತ್ತರವನ್ನೇ ಕೂಗುತ್ತದೆ. ಗುಟ್ಟು ಬಯಲಾಗಲಿಲ್ಲ, ಲೆಕ್ಕ ತಪ್ಪಲಿಲ್ಲ, ಬಾಗಿಲು ತೆರೆಯಿತು. 2011ರಲ್ಲಿ ಜ್ಯೂರಿಕ್‌ನ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿ ನೋಡಿದರು. ಹತ್ತೂ ತೆರೆದುಕೊಂಡವು.

ಇಲ್ಲಿ ತಪ್ಪಿದ್ದು ಎಲ್ಲಿ? ಉತ್ತರ ಬಂದರೆ ಹತ್ತಿರವೇ ಇದ್ದಾನೆ ಎಂದು ಕಾರು ನಂಬಿದ್ದರಲ್ಲಿ. ದೂರವನ್ನು ಅಳೆಯಲಿಲ್ಲ, ಊಹಿಸಿತು. ಅಳೆಯಬೇಕಾದರೆ ಕಾಲ ಹಿಡಿಯಬೇಕು. ಬೆಳಕು, ಅದರ ಜೊತೆಗೆ ರೇಡಿಯೋ, ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ, ಸ್ಕೂಲಿನ ಅಡಿಪಟ್ಟಿಯಷ್ಟು. ಕಳ್ಳರು 50 ಮೀಟರ್ ದೂರದ ಕೀಲಿಯನ್ನು ಸೇರಿಸಿದರೆ ಹೋಗಿ ಬರುವ ತಡ ಒಂದು ಸೆಕೆಂಡಿನ ಮೂವತ್ತು ಲಕ್ಷದಲ್ಲಿ ಒಂದು ಪಾಲು. ಉತ್ತರಕ್ಕೆ ಮಿಲಿಸೆಕೆಂಡುಗಟ್ಟಲೆ ಕಾಯುವ ಕಾರಿಗೆ ಅದು ಗೊತ್ತೂ ಆಗುವುದಿಲ್ಲ. ಈಚಿನ ಕೆಲವು ಕಾರುಗಳಲ್ಲಿ ಅಲ್ಟ್ರಾವೈಡ್‌ಬ್ಯಾಂಡ್ ಎಂಬ ರೇಡಿಯೋ ಬಂದಿದೆ. ಅದು ನ್ಯಾನೋಸೆಕೆಂಡಿನ ಲೆಕ್ಕದಲ್ಲಿ ಕಾಲ ಹಿಡಿದು ದೂರವನ್ನು ನಿಜವಾಗಿ ಅಳೆಯುತ್ತದೆ. ಬೇರೆ ಕೆಲವು ಕೀಲಿಗಳಲ್ಲಿ ಚಲನೆ ಗುರುತಿಸುವ ಚಿಪ್ಪಿದೆ. ಮೇಜಿನ ಮೇಲೆ ಅಲುಗದೆ ಇದ್ದರೆ ಕೀಲಿ ನಿದ್ದೆಗೆ ಜಾರುತ್ತದೆ, ಯಾರು ಊದಿದರೂ ಏಳುವುದಿಲ್ಲ. ನನಗೆ ಕೇಳಿದರೆ ಈ ಎರಡನೆಯದು ಹೆಚ್ಚು ಜಾಣತನ. ಅಗ್ಗ, ಸರಳ.

ಇನ್ನೊಂದು ಬಗೆಯ ಕಳ್ಳತನ ಶ್ರೀರಂಗಪಟ್ಟಣದವರಿಗೆ ಬೇಗ ಅರ್ಥವಾಗುತ್ತದೆ. 1799ರ ಮೇ 4ರಂದು ಕೋಟೆ ಬಿದ್ದದ್ದು ಹೆಬ್ಬಾಗಿಲಿನ ಬೀಗ ತೆರೆದಲ್ಲ. ಬೇಸಿಗೆಯಲ್ಲಿ ಕಾವೇರಿ ಇಳಿದಿದ್ದಾಗ, ಫಿರಂಗಿಯಿಂದ ಗೋಡೆ ಒಡೆದ ಕಡೆ ಬ್ರಿಟಿಷರ ಪಡೆ ನದಿ ದಾಟಿ ನುಗ್ಗಿತು. 2022ರಲ್ಲಿ ಲಂಡನ್ನಿನಲ್ಲಿ ಒಂದು ಟೊಯೋಟಾ ರಾವ್‌4 ಕಾರು ಹೋದದ್ದು ಹಾಗೆಯೇ. ಕಳ್ಳರು ಬಾಗಿಲಿಗೆ ಕೈ ಹಚ್ಚಲಿಲ್ಲ. ಮುಂದಿನ ದೀಪದ ಪಕ್ಕ ಬಿಚ್ಚಿ, ಒಳಗಿನ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಮಾತಾಡುವ 'ಕ್ಯಾನ್' ತಂತಿಗೆ ಒಂದು ಯಂತ್ರ ಸೇರಿಸಿದರು. ಅದು "ಕೀಲಿ ಸರಿಯಾಗಿದೆ" ಎಂದು ಒಳಗಿನವರ ಹಾಗೆ ನುಡಿಯಿತು. ಕಾರಿನ ಯಜಮಾನ ಸ್ವತಃ ವಾಹನ ಭದ್ರತೆಯ ತಜ್ಞನಾದ್ದರಿಂದ 2023ರಲ್ಲಿ ಅದರ ಮರ್ಮ ಹೊರಬಂತು. ಕೋಟೆಯೊಳಗಿನವರೆಲ್ಲ ನಮ್ಮವರೇ ಎಂಬ ನಂಬಿಕೆ ಶ್ರೀರಂಗಪಟ್ಟಣದಲ್ಲಿ ಎಷ್ಟು ದುಬಾರಿಯಾಯಿತೆಂದು, ಟಿಪ್ಪುವಿಗೆ ಒಳಗಿನಿಂದಲೇ ದ್ರೋಹ ಬಗೆದನೆನ್ನುವ ಮೀರ್ ಸಾದಿಕನ ಕಥೆ ಹೇಳುವವರನ್ನು ಕೇಳಿ.

ಆದರೆ ಸ್ನೇಹಿತರೇ, ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇಂಥ ಯಂತ್ರ ಹಿಡಿದ ಕಳ್ಳನಿಗಿಂತ ನಮ್ಮ ಹಳೆಯ ಅಭ್ಯಾಸಗಳ ಬಗ್ಗೆ ನನಗೆ ಭಯ ಹೆಚ್ಚು. ಶ್ರೀರಂಗಪಟ್ಟಣದ ಸಂಗಮಕ್ಕೋ ಪಶ್ಚಿಮವಾಹಿನಿಗೋ ಹೋಗುತ್ತೀರಿ, ನೀರಿಗೆ ಇಳಿಯಬೇಕು. ಕೀಲಿ ಎಲ್ಲಿಡುವುದು? ಹಿಂದೆ ಡ್ರೈವರುಗಳು ಟೈರಿನ ಮೇಲೆ, ಮಡ್‌ಗಾರ್ಡಿನ ಮರೆಯಲ್ಲಿ ಇಟ್ಟು ಇಳಿಯುತ್ತಿದ್ದರು. ಈಗ ಅದೇ ಕೆಲಸ ಮಾಡಿದರೆ ಕೀಲಿ ಬಾಗಿಲಿನ ಪಕ್ಕದಲ್ಲೇ ಕುಳಿತು, ಹಿಡಿಕೆ ಮುಟ್ಟಿದವರಿಗೆಲ್ಲ "ಬನ್ನಿ, ಬನ್ನಿ" ಎನ್ನುತ್ತದೆ. ಕಾರಿನೊಳಗೇ ಇಟ್ಟು ಬೀಗ ಹಾಕೋಣವೆಂದರೆ ಕಾರು ಕೀಚುಗುಟ್ಟಿ ಒಪ್ಪುವುದಿಲ್ಲ. ಜೇಬಿನಲ್ಲಿಟ್ಟು ಮುಳುಗಿದರೆ ಕೀಲಿಗೂ ಗಂಗಾಸ್ನಾನ. ದಡದಲ್ಲಿ ಕುಳಿತವರ ಕೈಗೆ ಕೊಡುವುದೇ ಲೇಸು. ಒಂಟಿಯಾಗಿ ಹೋದವರಿಗೆ ಒಂದು ಉಪಾಯ ಇದೆ: ಟೊಯೋಟಾದ ಹಲವು ಕೀಲಿಗಳಲ್ಲಿ ಬೀಗ ಹಾಕುವ ಗುಂಡಿಯನ್ನು ಒತ್ತಿಹಿಡಿದು, ತೆರೆಯುವ ಗುಂಡಿಯನ್ನು ಎರಡು ಸಲ ಒತ್ತಿದರೆ ಚಿಕ್ಕ ದೀಪ ನಾಲ್ಕು ಸಲ ಮಿನುಗಿ ಕೀಲಿ ಮಲಗುತ್ತದೆ. ಮತ್ತೆ ಯಾವುದಾದರೂ ಗುಂಡಿ ಒತ್ತುವವರೆಗೆ ಯಾರ ಪಿಸುಮಾತಿಗೂ ಕಿವಿಗೊಡುವುದಿಲ್ಲ. ಮನೆಯಲ್ಲಾದರೆ ಅಡುಗೆಮನೆಯ ಸ್ಟೀಲ್ ಡಬ್ಬಿಯೂ ಆಗಬಹುದು, ಆದರೆ ಮುಚ್ಚಳ ಬಿಗಿಯಾಗಿರಬೇಕು. ನಂಬುವ ಮೊದಲು ಡಬ್ಬಿಯನ್ನೇ ಬಾಗಿಲ ಬಳಿ ಹಿಡಿದು ಹಿಡಿಕೆ ಮುಟ್ಟಿ ನೋಡಿ.

ಕಾರು ತೊಳೆಯುವಾಗಲೂ ಅಷ್ಟೆ. ಕೀಲಿ ಜೇಬಿನಲ್ಲಿದ್ದು ಹಿಡಿಕೆಯ ಮೇಲೆ ನೀರು ಸುರಿದರೆ ಅದು ಕೈ ಸೋಕಿತೆಂದೇ ತಿಳಿದು ಬೀಗ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತದೆ. ದೆವ್ವ ಹಿಡಿದಿದೆ ಎಂದು ನಾಗಮಂಗಲದ ಮಿತ್ರರೊಬ್ಬರು ನಿಂಬೆಹಣ್ಣು ಕಟ್ಟಿದ್ದರು.

ಈಗ ನನಗೆ ಬಹಳ ಮುಖ್ಯವೆಂದು ತೋರುವ ಮಾತು. ಹಳೆಯ ಕಾರಿನಲ್ಲಿ ಇಳಿಯಬೇಕಾದರೆ ಕೀಲಿ ಎಡಕ್ಕೆ ತಿರುಗಲೇಬೇಕಿತ್ತು, ತಿರುಗಿದ ಕೂಡಲೇ ಎಂಜಿನ್ ನಿಲ್ಲುತ್ತಿತ್ತು. ಕೈಗೂ ಗೊತ್ತಾಗುತ್ತಿತ್ತು, ಕಿವಿಗೂ ಗೊತ್ತಾಗುತ್ತಿತ್ತು. ಕೀಲಿ ಜೇಬಿನಲ್ಲೇ ಉಳಿದ ಮೇಲೆ ಕೈಯ ಸಾಕ್ಷಿ ಹೋಯಿತು. ಹೈಬ್ರಿಡ್ ಬಂದ ಮೇಲೆ ಕಿವಿಯ ಸಾಕ್ಷಿಯೂ ಹೋಯಿತು. ನಿಂತಾಗ ಎಂಜಿನ್ ತಾನೇ ನಿಂತಿರುತ್ತದೆ, ಕಾರು ನಿಶ್ಶಬ್ದ. ಆದರೆ 'ರೆಡಿ' ದೀಪ ಹತ್ತಿಯೇ ಇದ್ದರೆ ಕಾರು ನಿಂತಿಲ್ಲ, ಕಾಯುತ್ತಿದೆ. ಆಕ್ಸಿಲರೇಟರ್ ಮೇಲೆ ಮಗುವಿನ ಕಾಲು ಬಿದ್ದು, ಗೇರು ಡ್ರೈವಿನಲ್ಲಿದ್ದರೆ ಹೊರಟೇಬಿಡುತ್ತದೆ. ಏಸಿ ಉಣ್ಣುತ್ತ ಉಣ್ಣುತ್ತ ದೊಡ್ಡ ಬ್ಯಾಟರಿ ಇಳಿದಾಗ, ಯಾರೂ ಕೇಳದೆ ಎಂಜಿನ್ ತಾನಾಗಿ ಶುರುವಾಗುತ್ತದೆ. ಬಯಲಲ್ಲಿ ನಿಂತಿದ್ದರೆ ಪೆಟ್ರೋಲು ಹಾಳು, ಅಷ್ಟೆ. ಮನೆಯ ಕೆಳಗೆ ಷಟರ್ ಎಳೆದ ಗ್ಯಾರೇಜಿನಲ್ಲಿ ನಿಂತಿದ್ದರೆ? ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ವಾಸನೆಯಿಲ್ಲ. ಅಮೆರಿಕದಲ್ಲಿ ಕೀಲಿ ತಿರುಗಿಸದ ಕಾರುಗಳನ್ನು ಆರಿಸಲು ಮರೆತು, 2006ರಿಂದೀಚೆಗೆ ಎರಡು ಡಜನ್ನಿಗೂ ಹೆಚ್ಚು ಮಂದಿ ಹೀಗೆ ಸತ್ತರೆಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಪಾಂಡವಪುರದಲ್ಲೂ ಕೆ.ಆರ್. ಪೇಟೆಯಲ್ಲೂ ಈಚೆಗೆ ಕೆಳಗೆ ಗ್ಯಾರೇಜು, ಮೇಲೆ ಮಲಗುವ ಕೋಣೆ ಇರುವ ಮನೆಗಳು ಏಳುತ್ತಿವೆ. ಕೀಲಿ ಹಿಡಿದು ಇಳಿದಾಗ ಕಾರು ಕೀಚುಗುಟ್ಟಿದರೆ "ಇದರದ್ದು ಯಾವಾಗ್ಲೂ ಇದೇ ಗೋಳು" ಎಂದು ಹೋಗಬೇಡಿ. ಅದು ಹೇಳುತ್ತಿರುವುದು: ನಾನಿನ್ನೂ ಎಚ್ಚರವಾಗಿದ್ದೇನೆ.

ಅಪಘಾತದ ಜಾಗದಲ್ಲಿ ಸಹಾಯಕ್ಕೆ ಓಡಿ ಬರುವವರಿಗೂ ಇದು ಗೊತ್ತಿರಬೇಕು, ಹೆದ್ದಾರಿ ಪಕ್ಕದ ಊರುಗಳಲ್ಲಿ ಮೊದಲು ಓಡಿ ಬರುವವರು ನೀವೇ. ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಬೇಡಿ, ಅವು ದೊಡ್ಡ ವೋಲ್ಟಿನವು. ಗುಂಡಿ ಒತ್ತಿ ಆರಿಸಿ, ಕೀಲಿಯನ್ನು ಕನಿಷ್ಠ 5 ಮೀಟರ್ ದೂರ ಒಯ್ಯಿರಿ. ತಿಳಿದವರಿದ್ದರೆ 12 ವೋಲ್ಟಿನ ಬ್ಯಾಟರಿಯ ತಂತಿ ಬಿಚ್ಚಲಿ. ಚಿಕ್ಕದು ಹೋದರೆ ದೊಡ್ಡದರ ರಿಲೇಗಳೂ ಬಿಟ್ಟುಕೊಳ್ಳುತ್ತವೆ.

ಈ ತಾಲ್ಲೂಕಿನಲ್ಲಿ ನಿಂತು ವಾಹನದ ಬಾಗಿಲಿನ ಬಗ್ಗೆ ಮಾತಾಡುವಾಗ ವಿಶ್ವೇಶ್ವರಯ್ಯ ನಾಲೆಯನ್ನು ಬಿಟ್ಟು ಮಾತಾಡಲಾರೆ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ನಾಲೆಗೆ ಬಿದ್ದು 30 ಜೀವ ಹೋದವು. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಕಾರು ಬಿದ್ದು ಐವರು ಹೋದರು. ಅವು ಬೀಗದಿಂದ ಆದವು ಎಂದು ನಾನು ಹೇಳುತ್ತಿಲ್ಲ. ಆದರೆ ನೀರಿಗೆ ಬಿದ್ದ ಕಾರಿನ ಬಾಗಿಲಿನ ಬಗ್ಗೆ ತಿಳಿದಿರುವುದು ಒಳ್ಳೆಯದು. ಹೊರಗಿನ ನೀರು ಒತ್ತುವುದರಿಂದ ಬಾಗಿಲು ತೆರೆಯದು, ಬೀಗ ಬಿಟ್ಟಿದ್ದರೂ ತೆರೆಯದು. ಮೊದಲ ಕ್ಷಣಗಳಲ್ಲಿ ಕಾರು ತೇಲುತ್ತದೆ, ವಿದ್ಯುತ್ ಇನ್ನೂ ಇರುತ್ತದೆ. ಆಗಲೇ ಬೆಲ್ಟು ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ಕಿಟಕಿಯಿಂದಲೇ ಹೊರಗೆ ಬರಬೇಕು. ಮುಂದಿನ ಬಾಗಿಲಿನ ಒಳಹಿಡಿಕೆ ಬಹುಪಾಲು ಕಾರುಗಳಲ್ಲಿ ತಂತಿಯಿಂದ ಎಳೆಯುವಂಥದು. ನೀರಿನ ಒತ್ತಡ ಇಲ್ಲದಾಗ, ಬೀಗ ಬಿದ್ದಿದ್ದರೂ ಎಳೆದರೆ ಬಿಡುತ್ತದೆ, ಕರೆಂಟು ಬೇಡ. ಹಿಂದಿನ ಬಾಗಿಲಿಗೆ ಮಕ್ಕಳ ಬೀಗ ಹಾಕಿದ್ದರೆ ಅದು ಒಳಗಿನಿಂದ ಬಿಡುವುದಿಲ್ಲ. ನಿಮ್ಮ ಕಾರಿನಲ್ಲಿ ಯಾವುದು ಹೇಗೆ ಎಂದು ನಾಲೆ ಏರಿಯ ಮೇಲೆ ಹೋಗುವ ಮುಂಚೆ ನೋಡಿಕೊಂಡಿರಿ.

ಕಿಕ್ಕೇರಿಯ ಕಾರಿಗೆ ವಾಪಸು ಬರುತ್ತೇನೆ. ಜಗಲಿಯ ಗೂಟಕ್ಕೂ ಕಾರಿನ ಬಾಗಿಲಿಗೂ ನಡುವೆ ಒಂದು ಗಜವೂ ಇರಲಿಲ್ಲ. ಇಂಥ ಕಾರು ಯಾರೂ ಹಿಡಿಕೆ ಮುಟ್ಟದಿದ್ದರೂ ಆಗಾಗ ಎದ್ದು "ಯಾರಾದರೂ ಬಂದಿರಾ?" ಎಂದು ಕೇಳುವುದು, ಗೂಟದ ಮೇಲಿನ ಕೀಲಿ "ಇಲ್ಲೇ ಇದ್ದೀನಿ" ಎನ್ನುವುದು, ಬರೀ ಇದೇ ಹರಟೆ. ಎರಡು ಮೀಟರಿನೊಳಗೆ ಕೀಲಿ ಬಿಡಬೇಡಿ ಎಂದು ಕೈಪಿಡಿಗಳು ಬರೆಯುವುದು ಇದಕ್ಕೇ. ಕೀಲಿಯ ನಾಣ್ಯದಂಥ ಸೆಲ್ಲು 3 ವೋಲ್ಟಿನದು, ಅದು ಮೊದಲು ಖಾಲಿ. ಆಮೇಲೆ ಕಾರಿನ 12 ವೋಲ್ಟಿನದು. ದೊಡ್ಡ ಬ್ಯಾಟರಿ ಹಾಗೇ ತುಂಬಿತ್ತು, ಆದರೆ ಅದನ್ನು ಕೂಡಿಸುವ ರಿಲೇಗಳನ್ನು ಎಬ್ಬಿಸುವುದು ಚಿಕ್ಕದು. ಚಿಕ್ಕದು ಮಲಗಿದರೆ ದೊಡ್ಡದು ಇದ್ದೂ ಇಲ್ಲ. ಯಜಮಾನರು ಮನೆಯಲ್ಲೇ ಇದ್ದಾರೆ, ಖಜಾನೆಯ ಗುಮಾಸ್ತ ರಜ.

ನಾನು ಫೋನಿನಲ್ಲೇ ಹೇಳಿಕೊಟ್ಟೆ. ಡಬ್ಬಿಯ ಪಕ್ಕದ ಚಿಕ್ಕ ಚಿಲಕ ಜರುಗಿಸಿ ಲೋಹದ ಕೈ ಹೊರತೆಗೆದ. ಡ್ರೈವರ್ ಬಾಗಿಲಿನಲ್ಲಿ ಹಾಕಿ ತಿರುಗಿಸಿದ, ತೆರೆಯಿತು. ಸೀಟಿನ ಬಳಿಯ ಲಿವರ್ ಎಳೆದು ಬಾನೆಟ್ ಎತ್ತಿ, ಕೈಪಿಡಿ ತೋರಿಸಿದ ಜಾಗದಲ್ಲಿ ಪಕ್ಕದವರ ಕಾರಿನಿಂದ 12 ವೋಲ್ಟ್ ಕೊಟ್ಟರು. ಅವನ ಜೇಬಿನ ಕೀಲಿಯ ಸೆಲ್ಲೂ ಸೊರಗಿತ್ತು. ಅದಕ್ಕೂ ದಾರಿ ಇದೆ. ಕೀಲಿಯನ್ನೇ ಸ್ಟಾರ್ಟ್ ಗುಂಡಿಗೆ ಒತ್ತಿಹಿಡಿದರೆ ಗುಂಡಿಯ ಹಿಂದಿನ ಸುರುಳಿ ಒಳಗಿನ ಚಿಪ್ಪಿಗೆ ತಾನೇ ಶಕ್ತಿ ಕೊಟ್ಟು ಪ್ರಶ್ನೆ ಕೇಳುತ್ತದೆ, ಸೆಲ್ಲೇ ಬೇಡ. ಬೀಪ್ ಎಂದಿತು. ಬ್ರೇಕು ತುಳಿದು ಒತ್ತಿದ. 'ರೆಡಿ' ದೀಪ ಹತ್ತಿತು. ಅಲ್ಲಿಂದ ದೊಡ್ಡ ಬ್ಯಾಟರಿಯೇ ಚಿಕ್ಕದಕ್ಕೆ ಉಣಿಸತೊಡಗಿತು. ಪಕ್ಕದ ಮನೆ ಅಜ್ಜಿ ಆ ಲೋಹದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ "ಇದ್ನೇ ನಾನು ಕೇಳಿದ್ದು" ಎಂದರಂತೆ.

ಈ ಸಭಾಂಗಣದ ಹೊರಗೆ ಗುಂಡಿ ಒತ್ತುವ ಕಾರುಗಳು ಐದಾರಾದರೂ ನಿಂತಿವೆ. ಅವುಗಳ ಯಜಮಾನರಲ್ಲಿ ನನ್ನದೊಂದು ಬೇಡಿಕೆ. ಚಹಾ ಕುಡಿಯುವ ಮುಂಚೆ ನಿಮ್ಮ ಕೀಲಿಯ ಹೊಟ್ಟೆಯಿಂದ ಲೋಹದ ಕೈಯನ್ನು ಹೊರಗೆ ತೆಗೆದು, ಡ್ರೈವರ್ ಬಾಗಿಲಿನಲ್ಲಿ ಬೀಗದ ಕಂಡಿ ಎಲ್ಲಿದೆ ಎಂದು ಹುಡುಕಿ. ಕೆಲವದರಲ್ಲಿ ಮುಚ್ಚಳದ ಕೆಳಗಿರುತ್ತದೆ. ಒಂದು ಸಲ ಹಾಕಿ, ತಿರುಗಿಸಿ. ತಿರುಗದಿದ್ದರೆ ನನ್ನನ್ನು ಕರೆಯಿರಿ, ಏಳು ಗಂಟೆಯ ಬಸ್ಸಿನವರೆಗೂ ಇಲ್ಲೇ ಇರುತ್ತೇನೆ.